ಒಂದಕ್ಷರದ ಪಲ್ಲಟ, ಬಾರ್ಶಿಯ ಹೆಣ್ಣುಮಕ್ಕಳು

ದಕ್ಷಿಣ ಸೊಲ್ಲಾಪುರದ ಕಂದಲಗಾಂವದಲ್ಲಿ ಬೇವಿನ ಮರದ ಕಟ್ಟೆಯ ಮೇಲೆ ಕೂತು ಯಾರೋ ಒಬ್ಬರು ಈ ವಾಕ್ಯ ಓದುತ್ತಿದ್ದಾರೆ ಎಂದುಕೊಳ್ಳಿ. ಓದಿ ಮುಗಿಸುವಷ್ಟರಲ್ಲಿ ಅವರ ಮೈಯೊಳಗೆ ಒಂದು ಕೋಟಿಗೂ ಹೆಚ್ಚು ಹೊಸ ಜೀವಕೋಶಗಳು ಹುಟ್ಟಿಬಿಟ್ಟಿವೆ! ಸೆಕೆಂಡಿಗೆ ಮೂವತ್ತು ಲಕ್ಷಕ್ಕೂ ಮಿಕ್ಕಿ, ದಿನಕ್ಕೆ ಸುಮಾರು 33,000 ಕೋಟಿ. ಬಹುಪಾಲು ರಕ್ತದವು, ಆಮೇಲಿನ ಪಾಲು ಕರುಳಿನ ಒಳಪದರದ್ದು. ಹೀಗೆ ಒಂದು ಕೋಶ ಎರಡಾಗುವ ಪ್ರತಿ ಸಲವೂ ಅದರೊಳಗಿನ ಡಿಎನ್‌ಎ ಪೂರ್ತಿ ನಕಲಾಗಬೇಕು. ಬಿಡಿಸಿ ಎಳೆದರೆ ಎರಡು ಮೀಟರ್ ಉದ್ದ, 600 ಕೋಟಿ ಅಕ್ಷರ. ವರ್ಣಮಾಲೆಯಲ್ಲಿರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರ. ಇಷ್ಟನ್ನೂ ಕೆಲವೇ ತಾಸುಗಳಲ್ಲಿ, ಕತ್ತಲಲ್ಲಿ, ಕಣ್ಣಿಗೆ ಕಾಣದ ಜಾಗದಲ್ಲಿ ನಕಲು ಮಾಡಿ ಮುಗಿಸಬೇಕು.

ತಪ್ಪಾಗದೆ ಇರುತ್ತದೆಯೇ? ನಕಲು ಮಾಡುವ ಕಿಣ್ವ ಲಕ್ಷಕ್ಕೊಂದರಂತೆ ತಪ್ಪು ಅಕ್ಷರ ಇಡುತ್ತದೆ. ಆ ಲೆಕ್ಕದಲ್ಲಿ ಒಂದು ಕೋಶ ಒಂದು ಸಲ ಒಡೆಯುವಾಗ 60,000 ತಪ್ಪುಗಳು! ಆದರೆ ಅದೇ ಕಿಣ್ವ ಹಿಂದಿರುಗಿ ನೋಡಿ, ತಾನಿಟ್ಟ ತಪ್ಪಕ್ಷರವನ್ನು ತಾನೇ ಕತ್ತರಿಸಿ ತೆಗೆಯುತ್ತದೆ. ಅಲ್ಲಿ ತಪ್ಪಿಸಿಕೊಂಡವನ್ನು ಹಿಡಿಯಲು ಅದರ ಬೆನ್ನಿಗೇ ಇನ್ನೊಂದು ದಂಡು ಬರುತ್ತದೆ. ಎಲ್ಲ ಮುಗಿದ ಮೇಲೆ ಆ 600 ಕೋಟಿಯಲ್ಲಿ ಉಳಿಯುವ ತಪ್ಪುಗಳು ಬೆರಳೆಣಿಕೆಯಷ್ಟು. ಮನುಷ್ಯನ ಯಾವ ಅಚ್ಚುಕೂಟವೂ ಈ ಶುದ್ಧಿಯ ಹತ್ತಿರ ಸುಳಿದಿಲ್ಲ. ಕ್ಯಾನ್ಸರ್ ಏಕೆ ಬರುತ್ತದೆ ಎಂದು ಕೇಳುವವರು ಮೊದಲು ಇಲ್ಲಿ ನಿಂತು, ಇಷ್ಟೊಂದು ನಕಲುಗಳ ನಡುವೆ ಅದು ಇಷ್ಟು ಅಪರೂಪ ಹೇಗಾಯಿತು ಎಂದು ಬೆರಗಾಗಬೇಕು.

ಉಳಿದ ಆ ಬೆರಳೆಣಿಕೆಯ ತಪ್ಪುಗಳು ಏನು ಮಾಡುತ್ತವೆ ಎಂಬುದು ಸೊಲ್ಲಾಪುರದ ಮಗ್ಗ ನೋಡಿದವರಿಗೆ ಬೇಗ ಹೊಳೆಯುತ್ತದೆ. ಚಾದರಿನ ಮೇಲಿನ ಹೂವು ಬಳ್ಳಿಗಳೆಲ್ಲ ಜಕಾರ್ಡ್ ಯಂತ್ರದ ರಟ್ಟಿನ ಕಾರ್ಡುಗಳಲ್ಲಿ ತೂತುಗಳಾಗಿ ಕೂತಿರುತ್ತವೆ. ಒಂದು ತೂತು ತಪ್ಪಿತೆಂದರೆ ಏಳಬೇಕಾದ ಎಳೆ ಏಳುವುದಿಲ್ಲ. ಆ ಕಾರ್ಡಿನಿಂದ ಇಳಿಯುವ ಪ್ರತಿ ಚಾದರಿನಲ್ಲೂ ಅದೇ ಜಾಗದಲ್ಲಿ ಅದೇ ತಪ್ಪು. ಹೂವಿನ ಒಂದು ಎಸಳು ಸೊಟ್ಟಗಾದರೆ ಯಾರ ಗಮನಕ್ಕೂ ಬರುವುದಿಲ್ಲ, ಹೊದೆಯಲು ಅಡ್ಡಿಯೂ ಇಲ್ಲ. ಆದರೆ ‘ಇಲ್ಲಿಗೆ ನೇಯ್ಗೆ ನಿಲ್ಲಿಸು’ ಎಂಬ ಸೂಚನೆಯೇ ಆ ತೂತಿನಲ್ಲಿ ಇದ್ದಿದ್ದರೆ?

ಅಂಥ ತೂತು ಯಾವುದೆಂದು ಮೊಟ್ಟಮೊದಲು ಗೊತ್ತಾದದ್ದು 1982ರಲ್ಲಿ. ಮೂತ್ರಕೋಶದ ಕ್ಯಾನ್ಸರಿನ ಕೋಶಗಳಿಂದ ತೆಗೆದ ಡಿಎನ್‌ಎಯನ್ನು ಇಲಿಯ ಕೋಶಗಳಿಗೆ ಕೊಟ್ಟರೆ ಅವೂ ಅಂಕೆ ತಪ್ಪಿ ಬೆಳೆಯುತ್ತಿದ್ದವು. ಹಾಗಾದರೆ ಅದರಲ್ಲಿ ಏನೋ ಇದೆ! ಅಮೆರಿಕದ ಮೂರು ತಂಡಗಳು, ರಾಬರ್ಟ್ ವೈನ್‌ಬರ್ಗ್, ಮರಿಯಾನೋ ಬಾರ್ಬಸಿಡ್ ಮತ್ತು ಮೈಕಲ್ ವಿಗ್ಲರ್ ಅವರವು, ಒಂದರ ಬೆನ್ನಿಗೊಂದು ಓಡುತ್ತಿದ್ದವು. ಬಾರ್ಬಸಿಡ್ ಅವರ ಜೊತೆ ಕೆಲಸ ಮಾಡಿ ಆ ಪ್ರಬಂಧದ ಮೊದಲ ಹೆಸರಾಗಿ ನಿಂತವರು ಹೈದರಾಬಾದಿನ ಉಸ್ಮಾನಿಯಾದಲ್ಲಿ ಓದಿ ಹೋದ ಇ. ಪ್ರೇಮ್‌ಕುಮಾರ್ ರೆಡ್ಡಿ. ಅವರ ಕೈಯಲ್ಲಿದ್ದದ್ದು ಸುಮಾರು 6,600 ಅಕ್ಷರಗಳ ಒಂದು ತುಣುಕು. ಆರೋಗ್ಯವಂತ ಜೀನಿನ ಅರ್ಧವನ್ನು ಕೆಟ್ಟ ಜೀನಿನ ಅರ್ಧಕ್ಕೆ ಜೋಡಿಸುವುದು, ಇಲಿಯ ಕೋಶ ಕೆರಳಿತೋ ಇಲ್ಲವೋ ನೋಡುವುದು, ಆ ಅರ್ಧವನ್ನು ಮತ್ತೆ ಅರ್ಧ ಮಾಡುವುದು. ಹುಡುಕುವ ಜಾಗ ಕಿರಿದಾಗುತ್ತ ಕಿರಿದಾಗುತ್ತ ಕೊನೆಗೆ ಸಿಕ್ಕಿದ್ದು ಒಂದೇ ಒಂದು ಅಕ್ಷರ. ಜಿ-ಜಿ-ಸಿ ಎಂದಿದ್ದಲ್ಲಿ ಜಿ-ಟಿ-ಸಿ. ಅಷ್ಟೇ! ಅದರಿಂದ ಪ್ರೋಟೀನಿನ ಹನ್ನೆರಡನೆಯ ಸ್ಥಾನದಲ್ಲಿ ಗ್ಲೈಸೀನ್ ಎಂಬ ಅಮೈನೋ ಆಮ್ಲ ಹೋಗಿ ವೇಲೀನ್ ಎಂಬುದು ಬಂದು ಕೂತಿತ್ತು.

ಆ ಜೀನಿನ ಹೆಸರು ಎಚ್-ರಾಸ್. ಹೊರಗಿನಿಂದ ‘ಬೆಳೆ’ ಎಂಬ ಸುದ್ದಿ ಬಂದಾಗ ರಾಸ್ ಪ್ರೋಟೀನು ಎಚ್ಚೆತ್ತು ಅದನ್ನು ಒಳಕ್ಕೆ ದಾಟಿಸುತ್ತದೆ. ದಾಟಿಸಿದ ಮೇಲೆ ತನ್ನಲ್ಲಿರುವ ಜಿಟಿಪಿ ಎಂಬ ಅಣುವನ್ನು ತುಂಡರಿಸಿ ತಾನೇ ತಣ್ಣಗಾಗುತ್ತದೆ. ವೇಲೀನ್ ಬಂದು ಕೂತಿತೋ, ತುಂಡರಿಸುವುದಕ್ಕೆ ಎಡೆಯೇ ಇಲ್ಲ. ಯಾರೂ ಹೇಳದಿದ್ದರೂ ಹಗಲಿರುಳು ‘ಬೆಳೆ, ಬೆಳೆ, ಬೆಳೆ’. ಆರೂವರೆ ಸಾವಿರದಲ್ಲಿ ಒಂದಕ್ಷರ!

ಅಲ್ಲಿಂದ ಮೂವತ್ತು ವರ್ಷ ಮುಂದೆ ಬನ್ನಿ, ನಮ್ಮ ಕಡೆಗೆ ಬನ್ನಿ. 2013ರಲ್ಲಿ ಪಶ್ಚಿಮ ಬಂಗಾಳದ ಕಲ್ಯಾಣಿಯ ರಾಷ್ಟ್ರೀಯ ಜೀವವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆ ಮತ್ತು ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ವಿಭಾಗ ಆಕ್ಟ್ರೆಕ್ ಜೊತೆಗೂಡಿ, ಒಸಡು ಮತ್ತು ಕೆನ್ನೆಯ ಒಳಭಾಗದ ಕ್ಯಾನ್ಸರ್ ಇದ್ದ 50 ಭಾರತೀಯ ರೋಗಿಗಳ ಗಡ್ಡೆಗಳ ಅಕ್ಷರಗಳನ್ನು ಓದಿದವು. ತಂಬಾಕು ಅಗಿಯುವ ನಾಡಿನ ಕ್ಯಾನ್ಸರ್ ಅದು. ಪಶ್ಚಿಮದವರು ಹೆಚ್ಚು ಕಂಡದ್ದಲ್ಲ. ಅಲ್ಲಿ ಯಾವ ಯಾವ ಜೀನುಗಳು ಕೆಟ್ಟಿದ್ದವು? ಪಿ53, ಕ್ಯಾಸ್ಪೇಸ್-8, ಫ್ಯಾಟ್-1, ನಾಚ್-1, ಮತ್ತು ಅದೇ ಎಚ್-ರಾಸ್! ಇವಲ್ಲದೆ ಬಾಯಿಯ ಕ್ಯಾನ್ಸರಿನಲ್ಲಿ ಹಿಂದೆ ಯಾರೂ ಗುರುತಿಸಿರದ ಐದು ಹೊಸ ಜೀನುಗಳೂ ಆ ಓದಿನಲ್ಲಿ ಸಿಕ್ಕವು.

ಈ ಭಾಗದ ಎಷ್ಟೋ ಮುದುಕಿಯರ ಸೊಂಟದ ಚಂಚಿಯಲ್ಲಿ ಎಲೆ, ಅಡಿಕೆ, ಸುಣ್ಣದ ಜೊತೆ ತಂಬಾಕಿನ ಎಸಳು ಇದ್ದೇ ಇರುತ್ತದೆ. ಮುಂಜಾನೆ ಹಲ್ಲಿಗೆ ತಿಕ್ಕಲು ಹುರಿದು ಕರಕಲು ಮಾಡಿದ ತಂಬಾಕಿನ ಪುಡಿ, ಮಿಶ್ರಿ. ಆ ಎಸಳಿನಲ್ಲಿರುವ ನೈಟ್ರೋಸಮೀನ್ ಎಂಬ ರಾಸಾಯನಿಕಗಳು ಕೆನ್ನೆಯ ಕೋಶದೊಳಗೆ ಇಳಿದು ಡಿಎನ್‌ಎಯ ಜಿ ಅಕ್ಷರಕ್ಕೆ ಒಂದು ಪುಟ್ಟ ಮಿಥೈಲ್ ಗುಂಪನ್ನು ಅಂಟಿಸಿಬಿಡುತ್ತವೆ. ನಕಲು ಮಾಡುವ ಕಿಣ್ವಕ್ಕೆ ಆ ಜಿ ಈಗ ಎ ಎಂಬಂತೆ ಕಾಣುತ್ತದೆ, ಎದುರಿಗೆ ಸಿ ಇಡುವ ಬದಲು ಟಿ ಇಡುತ್ತದೆ. ಮುಂದಿನ ನಕಲಿನಲ್ಲಿ ತಪ್ಪು ಕಾಯಂ. ಇದನ್ನು ತಡೆಯಲು ದೇಹ ಏನು ಇಟ್ಟುಕೊಂಡಿದೆ ಗೊತ್ತೇ? ಎಂಜಿಎಂಟಿ ಎಂಬ ಒಂದು ಪ್ರೋಟೀನು. ಅದು ಆ ಮಿಥೈಲ್ ಗುಂಪನ್ನು ಕಿತ್ತು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಅಂಟಿಸಿಕೊಂಡ ಮೇಲೆ ಅದು ಮತ್ತೆ ಬಿಡಿಸಿಕೊಳ್ಳಲಾರದು, ಅದರ ಆಯಸ್ಸು ಅಲ್ಲಿಗೆ ಮುಗಿಯಿತು. ಒಂದು ಅಕ್ಷರ ಉಳಿಸಲು ಒಂದು ಇಡೀ ಪ್ರೋಟೀನಿನ ಬಲಿ! ಪ್ರತಿ ಸಲ ಅಗಿದಾಗಲೂ ಕೆನ್ನೆಯ ಕೋಶಗಳಲ್ಲಿ ಇದು ನಡೆಯುತ್ತಿರುತ್ತದೆ, ಅಗಿಯುವವರಿಗೆ ಅದರ ಸುಳಿವೇ ಇಲ್ಲ. ಸೇದುವವರ ಲೆಕ್ಕವನ್ನಂತೂ 2016ರಲ್ಲಿ ಅಕ್ಷರ ಎಣಿಸಿಯೇ ಹೇಳಿದರು. ದಿನಕ್ಕೊಂದು ಪ್ಯಾಕಿನಂತೆ ಒಂದು ವರ್ಷ ಸಿಗರೇಟು ಸೇದಿದರೆ ಶ್ವಾಸಕೋಶದ ಪ್ರತಿ ಕೋಶದಲ್ಲೂ ಸರಾಸರಿ 150 ಹೊಸ ತಪ್ಪುಗಳು. ಬಾಯಿಯಲ್ಲಿ 23.

ಹಳ್ಳಿಯಲ್ಲಿ ಈ ರೋಗದ ಹೆಸರನ್ನು ಇನ್ನೂ ಪಿಸುಮಾತಿನಲ್ಲಿ ಹೇಳುತ್ತಾರೆ. ಹಿಂದಿನ ಜನ್ಮದ ಪಾಪ ಎನ್ನುತ್ತಾರೆ, ಮನೆತನಕ್ಕೆ ಅಂಟಿದ್ದು ಎನ್ನುತ್ತಾರೆ, ಹೆಣ್ಣು ಕೊಡಲು ತರಲು ಹಿಂಜರಿಯುತ್ತಾರೆ. ಅದಕ್ಕಾಗಿಯೇ ಇದನ್ನು ಗಟ್ಟಿಯಾಗಿ ಹೇಳಬೇಕು: ಹುಟ್ಟುವಾಗಲೇ ತಂದೆತಾಯಿಯಿಂದ ಪಡೆದ ತಪ್ಪಿನಿಂದ ಬರುವ ಕ್ಯಾನ್ಸರುಗಳು ನೂರಕ್ಕೆ ಐದರಿಂದ ಹತ್ತು ಮಾತ್ರ. ಉಳಿದವೆಲ್ಲ ಬದುಕಿನ ದಾರಿಯಲ್ಲಿ, ಒಂದೊಂದೇ ಕೋಶದಲ್ಲಿ, ಒಂದೊಂದೇ ಅಕ್ಷರವಾಗಿ ಸೇರಿದ ತಪ್ಪುಗಳು.

ಸೇರಿದ, ಎಂದೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ್ದು ಇದೇ. ಒಂದು ತಪ್ಪು ಸಾಲುವುದಿಲ್ಲ! 1971ರಲ್ಲಿ ಹ್ಯೂಸ್ಟನ್ನಿನ ಮಕ್ಕಳ ವೈದ್ಯ ಆಲ್ಫ್ರೆಡ್ ನುಡ್ಸನ್, ಕಣ್ಣಿನೊಳಗೆ ಗಡ್ಡೆ ಬೆಳೆದ 48 ಮಕ್ಕಳ ದಾಖಲೆ ಮುಂದಿಟ್ಟುಕೊಂಡು ಬರೀ ಕಾಗದದ ಮೇಲೆ ಲೆಕ್ಕ ಹಾಕಿದರು. ಕೆಲವು ಮಕ್ಕಳಿಗೆ ಎಳವೆಯಲ್ಲೇ ಎರಡೂ ಕಣ್ಣಿಗೆ ಬರುತ್ತದೆ, ಕೆಲವರಿಗೆ ತಡವಾಗಿ ಒಂದೇ ಕಣ್ಣಿಗೆ. ಏಕೆ? ಎರಡು ಪೆಟ್ಟು ಬೇಕು, ಮೊದಲ ಗುಂಪಿನವರು ಒಂದು ಪೆಟ್ಟು ಪಡೆದೇ ಹುಟ್ಟಿರುತ್ತಾರೆ ಎಂದರು ನುಡ್ಸನ್. ಆ ಜೀನನ್ನು ಆಗ ಯಾರೂ ಕಂಡಿರಲಿಲ್ಲ. 1986ರಲ್ಲಿ ಅದು ಸಿಕ್ಕಿತು, ನುಡ್ಸನ್ ಹೇಳಿದಂತೆಯೇ ಇತ್ತು. ಅದೇ ಆರ್‌ಬಿ. ಕೋಶ ಒಡೆಯುವ ಹೊತ್ತು ಬಂದಿಲ್ಲವೆಂದರೆ ಅದು ತಡೆದು ನಿಲ್ಲಿಸುತ್ತದೆ. ಇನ್ನೊಂದು ಕಾವಲು ಪಿ53. ಡಿಎನ್‌ಎ ಹರಿದಿದೆ ಎಂದು ತಿಳಿದರೆ ಅದು ಕೋಶವನ್ನು ನಿಲ್ಲಿಸಿ ದುರಸ್ತಿಗೆ ಕಳಿಸುತ್ತದೆ, ದುರಸ್ತಿಗೆ ಮೀರಿದ್ದರೆ ‘ಸಾಯಿ’ ಎನ್ನುತ್ತದೆ, ಕೋಶ ಸಾಯುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕೆಟ್ಟಿರುವುದು ಇದೇ ಜೀನು. ನಮ್ಮಲ್ಲಿ ಅದರ ಪ್ರತಿಗಳು ಎರಡು, ಅಪ್ಪನದೊಂದು ಅಮ್ಮನದೊಂದು. ಆನೆಗೆ? ಕಡಿಮೆಯೆಂದರೂ ಇಪ್ಪತ್ತು! ಅಷ್ಟು ದೊಡ್ಡ ಮೈ, ಅಷ್ಟೊಂದು ಕೋಶಗಳು, ಆದರೂ ಆನೆಗೆ ಕ್ಯಾನ್ಸರ್ ಕಡಿಮೆ ಏಕೆಂಬ ಹಳೆಯ ಒಗಟಿಗೆ 2015ರಲ್ಲಿ ಸಿಕ್ಕ ಒಂದು ಉತ್ತರ ಅದು.

2018ರಲ್ಲಿ ಇನ್ನೂ ದಂಗುಬಡಿಸುವ ಸಂಗತಿಯೊಂದು ಹೊರಬಿತ್ತು. ಮಧ್ಯವಯಸ್ಸು ದಾಟಿದ, ಯಾವ ಕ್ಯಾನ್ಸರೂ ಇಲ್ಲದವರ ಅನ್ನನಾಳದ ಒಳಪದರವನ್ನು ಚೂರು ಚೂರಾಗಿ ಓದಿದರೆ, ಅರ್ಧಕ್ಕೂ ಹೆಚ್ಚು ಭಾಗವನ್ನು ಇಂಥ ತಪ್ಪಕ್ಷರ ಹೊತ್ತ ಕೋಶಗಳೇ ಆವರಿಸಿಕೊಂಡಿದ್ದವು. ಆದರೂ ಅವು ಸುಮ್ಮನೆ ಇದ್ದವು. ಅನ್ನ ಇಳಿಯುತ್ತಿತ್ತು, ಬದುಕು ನಡೆದಿತ್ತು. ಮೊದಲ ತಪ್ಪಿನಿಂದ ಗಂಟಾಗುವವರೆಗೆ ಹತ್ತು, ಇಪ್ಪತ್ತು, ಕೆಲವೊಮ್ಮೆ ಇನ್ನೂ ಹೆಚ್ಚು ವರ್ಷಗಳ ದಾರಿ. ಆ ದಾರಿಯ ಉದ್ದಕ್ಕೂ ಏನೂ ನೋಯುವುದಿಲ್ಲ.

ಇಷ್ಟು ವರ್ಷಗಳ ಬಿಡುವು ಸಿಕ್ಕರೆ ಅದನ್ನು ಬಳಸಿಕೊಳ್ಳಲಾಗದೆ? ಜಗತ್ತು ಈ ಪ್ರಶ್ನೆಗೆ ತನ್ನ ಅತ್ಯಂತ ಗಟ್ಟಿ ಉತ್ತರಗಳಲ್ಲೊಂದನ್ನು ಪಡೆದದ್ದು ಕಂದಲಗಾಂವ ಇರುವ ಇದೇ ಸೊಲ್ಲಾಪುರ ಜಿಲ್ಲೆಯ ಇನ್ನೊಂದು ಮೂಲೆಯಿಂದ, ಬಾರ್ಶಿಯಿಂದ.

ಬಾರ್ಶಿಯಲ್ಲಿ ನಟಿ ನರ್ಗಿಸ್ ದತ್ ಹೆಸರಿನ ಕ್ಯಾನ್ಸರ್ ಆಸ್ಪತ್ರೆಯಿದೆ. 1987ರಲ್ಲಿ ಅಲ್ಲಿ ಭಾರತದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಶುರುವಾಯಿತು. ಅಲ್ಲಿಯವರೆಗೆ ನಮ್ಮ ದೇಶದಲ್ಲಿ ಕ್ಯಾನ್ಸರ್ ಎಣಿಸಿದ್ದೆಲ್ಲ ಮುಂಬಯಿ, ಬೆಂಗಳೂರು, ಮದ್ರಾಸಿನಂಥ ಶಹರಗಳಲ್ಲಿ. ಹಳ್ಳಿಯವರು ಆಸ್ಪತ್ರೆಗೇ ಬರದಿದ್ದರೆ ಎಣಿಸುವುದು ಯಾರನ್ನು? ಡಾ. ಕೆ. ಜಯಂತ್, ಡಾ. ಬಿ. ಎಂ. ನೇನೆ ಮತ್ತು ಜೊತೆಗಾರರು ದಾರಿ ತಿರುಗಿಸಿದರು. ಬಾರ್ಶಿ, ಪರಾಂಡಾ, ಭೂಮ್ ತಾಲ್ಲೂಕುಗಳ 346 ಹಳ್ಳಿಗಳಿಗೆ ಕಾರ್ಯಕರ್ತರೇ ಹೋದರು, ಊರಿನವರನ್ನು ಕೂಡಿಸಿ ಮಾತಾಡಿದರು, ಬಿಳಿ ಮುಟ್ಟು, ಮುಟ್ಟು ನಿಂತ ಮೇಲಿನ ರಕ್ತಸ್ರಾವ, ಬಾಯಿಯಲ್ಲಿ ಮಾಯದ ಹುಣ್ಣು ಎಂಬ ಮಾತುಗಳನ್ನು ಬಾಯಿಬಿಟ್ಟು ಕೇಳಿದರು. ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಗರ್ಭಕೊರಳಿನ ಕ್ಯಾನ್ಸರ್.

ಆ ಕ್ಯಾನ್ಸರಿನ ಹಿಂದಿರುವುದು ಒಂದು ವೈರಸ್. ಅದರ ಕಥೆ ಕೇಳಿದರೆ ಮೈ ಜುಮ್ಮೆನ್ನುತ್ತದೆ. ನಮ್ಮ ಡಿಎನ್‌ಎ 600 ಕೋಟಿ ಅಕ್ಷರಗಳದ್ದಾದರೆ ಎಚ್‌ಪಿವಿ ಎಂಬ ಈ ವೈರಸ್ಸಿನದು ಬರೀ 8,000ದಷ್ಟು. 1983ರಲ್ಲಿ ಜರ್ಮನಿಯ ಹೆರಾಲ್ಡ್ ಝುರ್ ಹೌಸೆನ್ ಅವರ ತಂಡ ಅದರ 16ನೇ ಬಗೆಯನ್ನು ಗರ್ಭಕೊರಳಿನ ಗಡ್ಡೆಯಲ್ಲಿ ಗುರುತಿಸಿತು, ಮರುವರ್ಷ 18ನೆಯದನ್ನು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಈ ವೈರಸ್ಸಿಗೆ ತನ್ನದೇ ನಕಲು ಯಂತ್ರವಿಲ್ಲ, ನಮ್ಮ ಕೋಶ ಒಡೆಯುತ್ತಿದ್ದರೆ ಮಾತ್ರ ಅದರ ಬೇಳೆ ಬೇಯುತ್ತದೆ. ಹಾಗಾಗಿ ಅದು ಎರಡು ಪುಟ್ಟ ಪ್ರೋಟೀನುಗಳನ್ನು ಇಟ್ಟುಕೊಂಡಿದೆ. ಒಂದು ಇ7, 98 ಅಮೈನೋ ಆಮ್ಲಗಳ ಉದ್ದ. ಅದು ನೇರ ಹೋಗಿ ಆರ್‌ಬಿಯನ್ನು ಹಿಡಿದು ಕೆಡವುತ್ತದೆ. ಇನ್ನೊಂದು ಇ6. ಅದು ಪಿ53ಯನ್ನು ಹಿಡಿದು ಕೋಶದ ಕಸದ ದಾರಿಗೆ ತಳ್ಳುತ್ತದೆ. ಉಳಿದ ಕ್ಯಾನ್ಸರುಗಳು ವರ್ಷಗಟ್ಟಲೆ ಅಕ್ಷರ ತಪ್ಪಿ ತಪ್ಪಿ ಕೆಡಿಸುವ ಅವೇ ಎರಡು ಕಾವಲುಗಳನ್ನು, ಅವೇ ಎರಡನ್ನು, ಈ ವೈರಸ್ ಒಂದಕ್ಷರವನ್ನೂ ಮುಟ್ಟದೆ ಕೆಳಗಿಳಿಸುತ್ತದೆ!

ಕಾವಲು ಹೋದ ಮೇಲೆ ತಪ್ಪುಗಳು ತಾವಾಗಿಯೇ ರಾಶಿ ಬೀಳುತ್ತವೆ. ಇಲ್ಲೊಂದು ಸಂಕಟದ ತಿರುವೂ ಇದೆ. ವೈರಸ್ ಕಂಡೊಡನೆ ಅದರ ಅಕ್ಷರ ಕೆಡಿಸಲು ನಮ್ಮ ಕೋಶ ಅಪೊಬೆಕ್ ಎಂಬ ಕಿಣ್ವಗಳನ್ನು ಹೊರಡಿಸುತ್ತದೆ. ಅವು ನಮ್ಮದೇ ಡಿಎನ್‌ಎಯ ಸಿ ಅಕ್ಷರಗಳನ್ನೂ ಕೆಡಿಸುತ್ತವೆ. ಗರ್ಭಕೊರಳಿನ ಗಡ್ಡೆಗಳನ್ನು ಓದಿದಾಗ ಕಂಡ ತಪ್ಪುಗಳಲ್ಲಿ ದೊಡ್ಡ ಪಾಲಿನ ಮೇಲೆ ಇದ್ದದ್ದು ವೈರಸ್ಸಿನ ಗುರುತಲ್ಲ, ನಮ್ಮ ರಕ್ಷಣೆಗೆಂದೇ ಹೊರಟ ಆ ಕಿಣ್ವಗಳ ಗುರುತು.

ಆದರೂ ಸೋಂಕು ತಗುಲಿದ ಬಹುಪಾಲು ಹೆಂಗಸರ ಮೈ ಒಂದೆರಡು ವರ್ಷದಲ್ಲಿ ಅದನ್ನು ತಾನೇ ಹೊರಹಾಕುತ್ತದೆ. ಹೋಗದೆ ಉಳಿದವರಲ್ಲೂ ಕ್ಯಾನ್ಸರಾಗಲು ಹದಿನೈದು ಇಪ್ಪತ್ತು ವರ್ಷ. ಆ ಬಿಡುವಿನಲ್ಲಿ ಒಮ್ಮೆ, ಒಂದೇ ಒಂದು ಸಲ, ವೈರಸ್ಸಿನ ಡಿಎನ್‌ಎ ಇದೆಯೇ ಎಂದು ನೋಡಿದರೆ?

1999ರ ಅಕ್ಟೋಬರಿನಲ್ಲಿ ಬಾರ್ಶಿಯ ಆಸ್ಪತ್ರೆ, ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಮತ್ತು ಫ್ರಾನ್ಸಿನ ಲಿಯೋನಿನಲ್ಲಿರುವ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಜೊತೆಗೂಡಿ ಪಕ್ಕದ ಉಸ್ಮಾನಾಬಾದ್ ಜಿಲ್ಲೆಗೆ ಇಳಿದವು. ಇಂದಿನ ಧಾರಾಶಿವ, ನಮ್ಮ ಆಳಂದ ಬಸವಕಲ್ಯಾಣಗಳಿಗೆ ಗಡಿ ತಾಗಿದ ನಾಡು. 497 ಹಳ್ಳಿಗಳು, 52 ಗುಂಪುಗಳು, 30ರಿಂದ 59 ವಯಸ್ಸಿನ 1,31,746 ಹೆಣ್ಣುಮಕ್ಕಳು. ಒಂದು ಭಾಗಕ್ಕೆ ಎಚ್‌ಪಿವಿ ಪರೀಕ್ಷೆ, ಒಂದಕ್ಕೆ ಗರ್ಭಕೊರಳಿನ ಕೋಶಗಳನ್ನು ಸವರಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್ ಪರೀಕ್ಷೆ, ಒಂದಕ್ಕೆ ವಿನೆಗರಿನ ಆಮ್ಲ ಸವರಿ ಕಣ್ಣಿಂದ ನೋಡುವ ಪರೀಕ್ಷೆ, ಇನ್ನೊಂದಕ್ಕೆ ತಿಳಿವಳಿಕೆ ಮತ್ತು ಎಂದಿನ ಚಿಕಿತ್ಸೆ ಮಾತ್ರ. ಹೊಲದ ಕೆಲಸ ಬಿಟ್ಟು, ಮಗ್ಗುಲ ಮನೆಯವರ ಮಾತಿಗೆ ಅಂಜದೆ, ಗಂಡನ ಒಪ್ಪಿಗೆಗೆ ಕಾದು, ಹಿಂದೆಂದೂ ಯಾರಿಗೂ ತೋರಿಸಿರದ ಮೈಯನ್ನು ಪರೀಕ್ಷೆಗೆ ಒಡ್ಡಿದ ಈ ಹೆಂಗಸರ ಧೈರ್ಯವನ್ನು ಯಾವ ಕೋಷ್ಟಕದಲ್ಲಿ ಬರೆಯುವುದು?

ಎಂಟು ವರ್ಷ ಅವರ ಬದುಕಿನ ಬೆನ್ನು ಹತ್ತಿದರು. 2009ರ ಏಪ್ರಿಲ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಉತ್ತರ ಪ್ರಕಟಿಸಿತು. ಬರೆದವರ ಸಾಲಿನಲ್ಲಿ ಶಂಕರನಾರಾಯಣನ್, ನೇನೆ, ಶಾಸ್ತ್ರಿ, ಜಯಂತ್. ಪರೀಕ್ಷೆ ಇಲ್ಲದ ಗುಂಪಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ ಸತ್ತವರು 64, ಒಮ್ಮೆ ಎಚ್‌ಪಿವಿ ಪರೀಕ್ಷೆಯಾದ ಗುಂಪಿನಲ್ಲಿ 34. ಮುಂದುವರಿದ ಹಂತದಲ್ಲಿ ಸಿಕ್ಕ ಕ್ಯಾನ್ಸರುಗಳು ಅಲ್ಲಿ 82, ಇಲ್ಲಿ 39. ಸಾವು ಹತ್ತಿರಹತ್ತಿರ ಅರ್ಧಕ್ಕಿಳಿದಿತ್ತು. ಅದೂ ಜೀವಮಾನದಲ್ಲಿ ಒಂದೇ ಒಂದು ಪರೀಕ್ಷೆಯಿಂದ! ಪ್ಯಾಪ್ ಆಗಲಿ ಆಮ್ಲದ ಪರೀಕ್ಷೆಯಾಗಲಿ ಅಲ್ಲಿ ಸಾವನ್ನು ಗಣನೀಯವಾಗಿ ಇಳಿಸಲಿಲ್ಲ. ಆ ಎರಡರಲ್ಲಿ ‘ಏನೂ ಇಲ್ಲ’ ಎನಿಸಿಕೊಂಡವರಲ್ಲಿ ಮುಂದೆ ಕ್ಯಾನ್ಸರ್ ಕಂಡ ಪ್ರಮಾಣ, ಎಚ್‌ಪಿವಿ ಇಲ್ಲ ಎಂದು ಗೊತ್ತಾದವರಿಗಿಂತ ನಾಲ್ಕು ಪಟ್ಟಿಗೂ ಮೇಲಿತ್ತು. ಕಣ್ಣು ನೋಡುವುದು ಕೆಟ್ಟುಹೋದ ಕೋಶವನ್ನು. ಡಿಎನ್‌ಎ ಪರೀಕ್ಷೆ ನೋಡುವುದು ಕೆಡಿಸಬಲ್ಲದ್ದನ್ನು, ವರ್ಷಗಳ ಮೊದಲೇ.

ಆ 64ರ ಮುಂದೆ ಒಂದು ಕ್ಷಣ ನಿಲ್ಲದೆ ಮುಂದೆ ಹೋಗುವುದು ಸರಿಯಲ್ಲ. ಪರೀಕ್ಷೆಯಿಲ್ಲದ ಗುಂಪೊಂದನ್ನು ಇಟ್ಟದ್ದು ನ್ಯಾಯವೇ ಎಂಬ ಕಠಿಣ ಪ್ರಶ್ನೆಯನ್ನು ಆಮೇಲೆ ಹಲವರು ಎತ್ತಿದರು. ಅಲ್ಲಿ ಆಗ ಯಾರಿಗೂ ಇಂಥ ಪರೀಕ್ಷೆ ಸಿಗುತ್ತಿರಲಿಲ್ಲ ಎಂಬುದು ಸಂಶೋಧಕರ ಮಾತು. ಅದು ನಿಜ, ಆದರೂ ಆ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗಿಲ್ಲ. ಇಂದು ಜಗತ್ತಿನ ಯಾವುದೇ ಮೂಲೆಯಲ್ಲಿ ಈ ಪರೀಕ್ಷೆ ಮಾಡಿಸಿಕೊಳ್ಳುವ ಹೆಣ್ಣು ಉಸ್ಮಾನಾಬಾದಿನ ಆ ಹೆಂಗಸರಿಗೆ ಋಣಿ. ಎಚ್‌ಪಿವಿ ಡಿಎನ್‌ಎ ಪರೀಕ್ಷೆಯನ್ನೇ ಮೊದಲು ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಎಲ್ಲ ದೇಶಗಳಿಗೆ ಹೇಳಿತು.

ಬಾರ್ಶಿಯ ಹೆಸರು ಅಲ್ಲಿಗೇ ಮುಗಿಯುವುದಿಲ್ಲ. 2009ರ ಸೆಪ್ಟೆಂಬರಿನಲ್ಲಿ ಭಾರತದ ಹಲವೆಡೆ 10ರಿಂದ 18 ವಯಸ್ಸಿನ ಹುಡುಗಿಯರಿಗೆ ಎಚ್‌ಪಿವಿ ಲಸಿಕೆಯ ಅಧ್ಯಯನ ಶುರುವಾಯಿತು, ಬಾರ್ಶಿ ಅದರ ಒಂದು ಕೇಂದ್ರ. ಆ ಲಸಿಕೆಯಲ್ಲಿ ವೈರಸ್ಸಿನ ಡಿಎನ್‌ಎಯ ಒಂದಕ್ಷರವೂ ಇಲ್ಲ. ಇರುವುದು ಅದರ ಹೊರಕವಚದ ಪ್ರೋಟೀನು ಮಾತ್ರ, ಅವು ತಾವೇ ಒಂದಕ್ಕೊಂದು ಕೂಡಿಕೊಂಡು ಟೊಳ್ಳು ಚೆಂಡುಗಳಾಗುತ್ತವೆ. ಮೈ ಅದನ್ನೇ ವೈರಸ್ ಎಂದು ತಿಳಿದು ಪಹರೆ ಕೂರಿಸುತ್ತದೆ. ಎರಡು ಡೋಸ್ ಸಾಕೇ, ಮೂರು ಬೇಕೇ ಎಂಬುದು ಅಂದಿನ ಪ್ರಶ್ನೆ. ಅಷ್ಟರಲ್ಲಿ, 2010ರ ಏಪ್ರಿಲ್‌ನಲ್ಲಿ, ಬೇರೊಂದು ಯೋಜನೆಯ ಸುತ್ತ ಎದ್ದ ವಿವಾದದಿಂದ ಸರಕಾರ ಇಂಥ ಎಲ್ಲ ಅಧ್ಯಯನಗಳಲ್ಲೂ ಲಸಿಕೆ ನಿಲ್ಲಿಸಿತು. ಅಷ್ಟೊತ್ತಿಗೆ 17,729 ಹುಡುಗಿಯರು ಲಸಿಕೆ ಪಡೆದಿದ್ದರು. ಅವರಲ್ಲಿ ಸುಮಾರು 4,950 ಮಂದಿಗೆ ಸಿಕ್ಕಿದ್ದು ಒಂದೇ ಡೋಸ್.

ಅಧ್ಯಯನ ಮಣ್ಣುಪಾಲಾಯಿತು ಎಂದು ಯಾರೂ ಕೈಬಿಡಲಿಲ್ಲ. ಹುಡುಗಿಯರು ದೊಡ್ಡವರಾದರು, ಮದುವೆಯಾಗಿ ಬೇರೆ ಊರುಗಳಿಗೆ ಹೋದರು. ಕಾರ್ಯಕರ್ತರು ಹುಡುಕಿಕೊಂಡು ಹೋಗುತ್ತಲೇ ಇದ್ದರು. ಹತ್ತು ವರ್ಷದ ಲೆಕ್ಕ 2021ರಲ್ಲಿ ಬಂತು. 16 ಮತ್ತು 18ನೇ ಬಗೆಯ ಬಿಡದ ಸೋಂಕನ್ನು ಮೂರು ಡೋಸ್ ತಡೆದದ್ದು ನೂರಕ್ಕೆ 93.3ರಷ್ಟು. ಒಂದೇ ಡೋಸ್ ತಡೆದದ್ದು 95.4! ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ 9ರಿಂದ 20 ವಯಸ್ಸಿನ ಹುಡುಗಿಯರಿಗೆ ಒಂದೇ ಡೋಸ್ ಕೊಟ್ಟರೂ ಸಾಕೆಂದಿತು. ಎರಡು ಮೂರು ಡೋಸಿನ ಖರ್ಚು ತಾಳಲಾರದೆ ಕೂತಿದ್ದ ಬಡ ದೇಶಗಳು ಅದೇ ಹಣದಲ್ಲಿ ಇನ್ನೂ ಎಷ್ಟೋ ಹೆಚ್ಚು ಹುಡುಗಿಯರಿಗೆ ಲಸಿಕೆ ಹಾಕಬಹುದಾಯಿತು. ಆ ತೀರ್ಮಾನಕ್ಕೆ ಆಧಾರವಾದ ಸಾಕ್ಷ್ಯಗಳಲ್ಲಿ, ಎರಡೋ ಮೂರೋ ಸೂಜಿ ಸಿಗಬೇಕಿದ್ದಲ್ಲಿ ಒಂದನ್ನಷ್ಟೇ ಪಡೆದು ಮನೆಗೆ ಹೋದ ಈ ಹುಡುಗಿಯರ ರಕ್ತದ ಮಾದರಿಗಳೂ ಇದ್ದವು.